ಉಳಿ ಹಿಡಿದ ಕೈ

ಉತ್ತರ ಕನ್ನಡ ಜಿಲ್ಲೆಯ ಕುಮಟಾ ಪಟ್ಟಣದಿಂದ ಕೆಲವೇ ಮೈಲಿಗಳ ದೂರದಲ್ಲಿ, ಅರಬ್ಬೀ ಸಮುದ್ರದ ಸಮೀಪದಲ್ಲಿ, ಹೊಳನಗದ್ದೆ ಎಂಬ ಹಳ್ಳಿಯಿದೆ. ಗದ್ದೆ, ತೆಂಗಿನ ತೋಟ ಮತ್ತು ಸಮುದ್ರ ಈ ಭಾಗದ ಹಳ್ಳಿಗಳ ಬದುಕಿಗೆ ಆಧಾರ. ನಾಲ್ಕಕ್ಷರ ಕಲಿತ ತರುಣನು ಉದ್ಯೋಗವನ್ನು ಅರಸಿ ಗೋವೆಗೋ ಮುಂಬಯಿಗೋ ಬೆಂಗಳೂರಿಗೋ ಹೊರಡುವುದು ಇಲ್ಲಿ ಬಹುಕಾಲದಿಂದ ನಡೆದುಬಂದ ರೂಢಿ. ಹೀಗೆ ಹೊರಟವನಿಗೆ ಕೆಲಸ ಸುಲಭವಾಗಿ ದೊರೆಯುವುದಿಲ್ಲ. ಅದೇ ಸಮಯದಲ್ಲಿ ಅದೇ ಪಟ್ಟಣಗಳ ಕಾರ್ಖಾನೆಗಳ ಒಡೆಯರು, ತಮಗೆ ಕುಶಲ ಕೆಲಸಗಾರರು ಸಿಗುವುದಿಲ್ಲವೆಂದೂ ಸಿಕ್ಕವರು ನಿಲ್ಲುವುದಿಲ್ಲವೆಂದೂ ದೂರುತ್ತಿರುತ್ತಾರೆ. ಬರಿಗೈಗಳು ಬಹಳವಿದ್ದು ಪಳಗಿದ ಕೈಗಳು ವಿರಳವಾಗಿರುವುದೇ ಈ ವೈಚಿತ್ರ್ಯಕ್ಕೆ ಕಾರಣ. ಕೈ ಪಳಗುವುದಕ್ಕೆ ವರ್ಷಗಳು ಬೇಕು. ಪಳಗಿದ ಕೈ ಕೆಲಸವನ್ನು ಬಿಟ್ಟುಹೋಗುವುದಕ್ಕೆ ಒಂದು ದಿನ ಸಾಕು.

ಕುಶಲ ಕೆಲಸಗಾರನು ಹೇಗೆ ಸಿದ್ಧನಾಗುತ್ತಾನೆ, ಏಕೆ ನಿಲ್ಲುತ್ತಾನೆ, ಏಕೆ ಹೋಗುತ್ತಾನೆ ಎಂಬುದನ್ನು ತಿಳಿಯಲು ದೂರದ ದೇಶಗಳಿಗೆ ಹೋಗಬೇಕಾಗಿಲ್ಲ. ಕುಮಟೆಯ ಗುಡಿಗಾರರ ಮನೆಗಳಲ್ಲಿಯೇ ಅದಕ್ಕೆ ಉತ್ತರದ ಒಂದು ಭಾಗ ದೊರೆಯುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಕುಮಟಾ ಹೆಸರಾಂತ ಬಂದರಾಗಿತ್ತು. ಧಾರವಾಡ ಸೀಮೆಯ ಹತ್ತಿ ಘಟ್ಟವನ್ನಿಳಿದು ಇಲ್ಲಿಂದ ಹಡಗನ್ನೇರುತ್ತಿತ್ತು. ಪರದೇಶದ ಪೇಟೆಗಳಲ್ಲಿ ಆ ಹತ್ತಿಗೆ ‘ಕುಮಟಾ ಹತ್ತಿ’ ಎಂದೇ ಹೆಸರು ಬಿದ್ದಿತ್ತು. ಆ ಶತಮಾನದ ಕೊನೆಯ ಭಾಗದಲ್ಲಿ ರೈಲುಮಾರ್ಗವು ಘಟ್ಟದ ಮೇಲಿನ ಸರಕನ್ನು ಗೋವೆಯ ಮರ್ಮಗೋವಾ ಬಂದರಿನ ಕಡೆಗೆ ತಿರುಗಿಸಿದ ಮೇಲೆ ಕುಮಟೆಯ ವ್ಯಾಪಾರ ಇಳಿಮುಖವಾಯಿತು. ಹತ್ತಿ ಹೋಯಿತು, ಹಡಗುಗಳು ಹೋದವು. ಆದರೆ ಊರಿನ ಹೆಸರನ್ನು ಹೊರಗೆ ಒಯ್ಯುವ ಇನ್ನೊಂದು ಸರಕು ಉಳಿದುಕೊಂಡಿತು. ಅದು ಶ್ರೀಗಂಧದ ಕೆತ್ತನೆ.

ಈ ಕೆತ್ತನೆ ಗುಡಿಗಾರರ ಕುಲಕಸುಬು. ಕುಮಟಾ, ಹೊನ್ನಾವರ, ಸಿದ್ದಾಪುರ, ಶಿರಸಿ, ಘಟ್ಟದ ಮೇಲಿನ ಸಾಗರ, ಸೊರಬ ಇವು ಅವರ ನೆಲೆಗಳು. ತಮ್ಮ ಪೂರ್ವಿಕರು ಗೋವೆಯ ಕಡೆಯಿಂದ ಬಂದವರೆಂದು ಅವರಲ್ಲಿ ಹೇಳಿಕೆಯಿದೆ. ಗಂಧದ ಮರದ ಹೊರಭಾಗವು ಬಿಳಿಯಾಗಿದ್ದು ಅದಕ್ಕೆ ಪರಿಮಳವಿಲ್ಲ. ಒಳಗಿನ ತಿರುಳಿನಲ್ಲಿಯೇ ಪರಿಮಳವೂ ಎಣ್ಣೆಯೂ ಅಡಗಿರುತ್ತವೆ. ತಿರುಳು ಬಲಿಯಲು ಹತ್ತಾರು ವರ್ಷಗಳು ಬೇಕು. ಇಷ್ಟು ಬೆಲೆಯುಳ್ಳ ತುಂಡನ್ನು ಕೈಗೆತ್ತಿಕೊಂಡವನು ಒಂದು ಏಟು ತಪ್ಪಿ ಹೊಡೆದರೂ ನಷ್ಟ ಅಪಾರ. ಆದುದರಿಂದ ಗುಡಿಗಾರರ ಮನೆಯ ಹುಡುಗನಿಗೆ ಮೊದಲ ದಿನವೇ ಗಂಧದ ತುಂಡು ದೊರೆಯುತ್ತಿರಲಿಲ್ಲ. ಮೊದಲು ಅವನು ಹಿರಿಯರ ಪಕ್ಕದಲ್ಲಿ ಕುಳಿತು ನೋಡಬೇಕು, ಉಳಿಗಳನ್ನು ಮಸೆದುಕೊಡಬೇಕು. ಬಳ್ಳಿ, ಎಲೆ, ಹೂವು, ಹಂಸ, ಸಿಂಹಗಳನ್ನು ಕಾಗದದ ಮೇಲೆ ಬರೆದು ಬರೆದು ಕೈಗೆ ರೂಢಿಮಾಡಿಕೊಳ್ಳಬೇಕು. ಅನಂತರ ಅಗ್ಗದ ಮರದ ಮೇಲೆ ಉಳಿ ಆಡಿಸಬೇಕು. ಪೆಟ್ಟಿಗೆಯ ಅಂಚಿನ ಸರಳವಾದ ಬಳ್ಳಿಯಿಂದ ಆರಂಭಿಸಿ ದೇವರ ಮುಖವನ್ನು ಕೆತ್ತುವ ಹಂತವನ್ನು ಮುಟ್ಟುವಷ್ಟರಲ್ಲಿ ಅವನು ಪ್ರಾಯಕ್ಕೆ ಬಂದಿರುತ್ತಿದ್ದನು.

ಈ ಶಿಕ್ಷಣಕ್ಕೆ ಶುಲ್ಕವಿರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ಗುರುವು ತಂದೆಯೋ ಚಿಕ್ಕಪ್ಪನೋ ಆಗಿರುತ್ತಿದ್ದುದರಿಂದ ಶಿಷ್ಯನು ಕಲಿತು ಬಿಟ್ಟುಹೋದಾನೆಂಬ ಭಯಕ್ಕೂ ಅಲ್ಲಿ ಎಡೆಯಿರಲಿಲ್ಲ. ಕಾರ್ಖಾನೆಯೊಂದು ಹಣ ಸುರಿದು ಪಡೆಯಬೇಕಾದ ನಿಷ್ಠೆಯನ್ನು ಮನೆತನವು ತಾನಾಗಿಯೇ ಒದಗಿಸುತ್ತಿತ್ತು. ಇದರ ಇನ್ನೊಂದು ಮುಖವನ್ನೂ ಮರೆಯಲಾಗದು. ಬೇರೆ ಮನೆಯಲ್ಲಿ ಹುಟ್ಟಿದ, ಚುರುಕಾದ ಕೈಯುಳ್ಳ ಹುಡುಗನಿಗೆ ಆ ವಿದ್ಯೆಯ ಬಾಗಿಲು ಸಾಮಾನ್ಯವಾಗಿ ಮುಚ್ಚಿರುತ್ತಿತ್ತು. ಮನಸ್ಸಿಲ್ಲದಿದ್ದರೂ ಕುಲದವನು ಉಳಿಯನ್ನು ಹಿಡಿಯಲೇಬೇಕಾಗಿತ್ತು. ಕುಲದ ಗೋಡೆಯೊಳಗೆ ಬೆಳೆದ ಕಸುಬಿಗೆ, ಒಳಗಿನವರು ಬಿಟ್ಟುಹೊರಟಾಗ ಹೊರಗಿನಿಂದ ಕೈ ಕೂಡಿಸುವ ದಾರಿ ಇರುವುದಿಲ್ಲ.

ಒಳಗಿನವರು ಬಿಟ್ಟುಹೊರಡಲು ಕಾರಣವಾದುದು ಮುಖ್ಯವಾಗಿ ಮರ. 1792ರಲ್ಲಿ ಟಿಪ್ಪು ಸುಲ್ತಾನನು ಮೈಸೂರು ರಾಜ್ಯದಲ್ಲಿ ಗಂಧದ ಮರವನ್ನು ರಾಜವೃಕ್ಷವೆಂದು ಸಾರಿದಂದಿನಿಂದ ಅದರ ಒಡೆತನ ಸರಕಾರದ್ದೇ ಆಗಿ ಉಳಿಯಿತು. ರೈತನ ಹೊಲದ ಬದುವಿನಲ್ಲಿ ಬೆಳೆದ ಗಂಧವೂ ರೈತನದಾಗಿರಲಿಲ್ಲ. ತನ್ನದಲ್ಲದ ಮರವನ್ನು ಯಾರು ತಾನೆ ಅಕ್ಕರೆಯಿಂದ ಬೆಳೆಸುತ್ತಾರೆ? ಕಳ್ಳಸಾಗಣೆ ಹೆಚ್ಚಿತು, ಕಾಡಿನಲ್ಲಿ ಮರಗಳು ತೀರುತ್ತ ಬಂದವು, ಉಳಿದ ಮರದ ಬೆಲೆ ಗಗನಕ್ಕೇರಿತು. 2001ರ ಕಾಯಿದೆಯ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಭೂಮಿಯ ಒಡೆಯನೇ ತನ್ನ ನೆಲದ ಗಂಧದ ಮರಕ್ಕೆ ಒಡೆಯನಾದನು. ಆದರೆ ಅಂದು ನೆಟ್ಟ ಸಸಿಯ ತಿರುಳು ಬಲಿಯುವವರೆಗೆ ಉಳಿ ಹಿಡಿದ ಕೈ ಸುಮ್ಮನೆ ಕುಳಿತಿರಲಾರದು.

ಗಂಧವು ದುಬಾರಿಯಾದಷ್ಟೂ ಕೆತ್ತುವವನ ಕೂಲಿ ಹೆಚ್ಚಬೇಕಾಗಿತ್ತೆಂದು ತೋರಬಹುದು. ನಡೆದದ್ದು ಬೇರೆ. ಗುಡಿಗಾರನಿಗೆ ಮರವನ್ನು ತಾನೇ ಕೊಳ್ಳುವ ಶಕ್ತಿ ಇಲ್ಲವಾಯಿತು. ಮರವನ್ನು ಕೊಡುವವನು ವರ್ತಕ, ಮಾರುವವನೂ ವರ್ತಕ. ನಡುವೆ ಕೆತ್ತುವವನಿಗೆ ತುಂಡಿಗಿಷ್ಟು ಎಂಬ ಮಜೂರಿ. ಮರದ ಬೆಲೆಯೇ ವಸ್ತುವಿನ ಬೆಲೆಯ ಬಹುಪಾಲನ್ನು ನುಂಗಿದಾಗ ಕೈಗೆಲಸದ ಪಾಲು ಕಿರಿದಾಯಿತು. ಈ ಕಷ್ಟವನ್ನು ತಗ್ಗಿಸಲು ಪ್ರಯತ್ನಗಳು ನಡೆಯದೆ ಇರಲಿಲ್ಲ. 1964ರಲ್ಲಿ ಸ್ಥಾಪನೆಯಾದ ರಾಜ್ಯದ ಕರಕುಶಲ ಅಭಿವೃದ್ಧಿ ನಿಗಮವು ‘ಕಾವೇರಿ’ ಎಂಬ ಹೆಸರಿನ ಮಾರಾಟ ಮಳಿಗೆಗಳನ್ನು ತೆರೆದು ಕುಶಲಕರ್ಮಿಗಳ ವಸ್ತುಗಳಿಗೆ ಪೇಟೆಯನ್ನು ಒದಗಿಸಿತು. ಗಂಧದ ಬದಲು ಶಿವನೆ ಮರವನ್ನೂ ಇತರ ಮರಗಳನ್ನೂ ಬಳಸುವುದು ರೂಢಿಗೆ ಬಂದಿತು. ಕೆಲವರು ಸಾಗರ, ಮೈಸೂರು, ಬೆಂಗಳೂರುಗಳಲ್ಲಿ ನೆಲೆಸಿ ಕೆತ್ತನೆಯನ್ನೇ ಮುಂದುವರಿಸಿದರು. ಇನ್ನೂ ಹಲವರ ಮಕ್ಕಳು ಶಾಲೆ ಕಲಿತು ಕಚೇರಿ, ಬ್ಯಾಂಕು, ಅಂಗಡಿಗಳ ಕೆಲಸಗಳಿಗೆ ಸೇರಿ ಉಳಿಯನ್ನು ಕೆಳಗಿಟ್ಟರು.

ಈ ಎರಡು ಬಗೆಯ ಅಗಲಿಕೆಗಳ ನಡುವಣ ಅಂತರವನ್ನು ಗಮನಿಸಬೇಕು. ಕುಮಟೆಯನ್ನು ಬಿಟ್ಟು ಮೈಸೂರಿನಲ್ಲಿ ಕೆತ್ತುವವನು ಕುಮಟೆಗೆ ನಷ್ಟವಾದರೂ ವಿದ್ಯೆಗೆ ನಷ್ಟವಲ್ಲ. ಉಳಿಯನ್ನೇ ಕೆಳಗಿಟ್ಟವನಾದರೋ ತಾನೊಬ್ಬನೇ ಹೋಗುವುದಿಲ್ಲ; ಅವನು ಕಲಿಸಬಹುದಾಗಿದ್ದ ಶಿಷ್ಯರೂ ಅವನೊಡನೆ ಹೋಗುತ್ತಾರೆ. ಹಾಗೆಂದು ಅವನನ್ನು ದೂರುವುದು ನ್ಯಾಯವಲ್ಲ. ತಿಂಗಳ ಕೊನೆಗೆ ತಪ್ಪದೆ ಬರುವ ಸಂಬಳವನ್ನು ಬಿಟ್ಟು, ಮರ ಬಂದಾಗ ಮಾತ್ರ ಬರುವ ಮಜೂರಿಯನ್ನು ನೆಚ್ಚಿ ಸಂಸಾರ ನಡೆಸೆಂದು ಯಾರನ್ನೂ ಒತ್ತಾಯಿಸುವ ಹಕ್ಕು ಕಲಾಭಿಮಾನಿಗಳಿಗೂ ಇಲ್ಲ.

ಗುಡಿಗಾರರದು ವಂಶದಿಂದ ವಂಶಕ್ಕೆ ಹರಿದುಬಂದ ವಿದ್ಯೆ. ಅಂಥ ಯಾವ ವಿದ್ಯೆಯೂ ಇಲ್ಲದ ಜನರನ್ನು ಕಲೆಹಾಕಿ, ಹೊಸದಾಗಿ ಕಲಿಸಿ, ಉದ್ಯಮವೊಂದನ್ನು ಕಟ್ಟಿದ ಪ್ರಯೋಗವು ಇದೇ ಕರಾವಳಿಯ ದಕ್ಷಿಣ ತುದಿಯಲ್ಲಿ ನಡೆಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಕ್ರೈಸ್ತ ಮಿಷನ್ ಸಂಸ್ಥೆಯವರು 1834ರಲ್ಲಿ ಮಂಗಳೂರಿಗೆ ಬಂದರು. ಅವರ ಮತವನ್ನು ಸ್ವೀಕರಿಸಿದವರಲ್ಲಿ ಬಹುಮಂದಿ ತಮ್ಮ ಹಿಂದಿನ ಸಮಾಜದ ಆಸರೆಯನ್ನೂ ಜೀವನೋಪಾಯವನ್ನೂ ಕಳೆದುಕೊಂಡಿದ್ದರು. ಅವರಿಗೆ ಅನ್ನದ ದಾರಿಯನ್ನು ತೋರಿಸುವುದಕ್ಕಾಗಿ ಸಂಸ್ಥೆಯು ಮುದ್ರಣಾಲಯವನ್ನೂ ನೇಯ್ಗೆಯ ಶಾಲೆಯನ್ನೂ ತೆರೆಯಿತು. ಕಿಟ್ಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಹೊರಬಂದುದು ಈ ಮುದ್ರಣಾಲಯದಿಂದಲೇ. ಅಷ್ಟು ದೊಡ್ಡ ಗ್ರಂಥದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿದ ಕೈಗಳ ನೈಪುಣ್ಯವನ್ನು ನಿಘಂಟನ್ನು ತಿರುವಿಹಾಕುವವರು ಸಾಮಾನ್ಯವಾಗಿ ನೆನೆಯುವುದಿಲ್ಲ!

1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಎಂಬಾತನು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಆರಂಭಿಸಿದನು. ನೇತ್ರಾವತಿ, ಗುರುಪುರ ನದಿಗಳ ದಡದ ಜೇಡಿಮಣ್ಣು ಹಂಚಿಗೆ ಒದಗಿಬಂದಿತು. ಮೊದಮೊದಲು ಮಣ್ಣನ್ನು ಅರೆಯುವ ಯಂತ್ರವನ್ನು ತಿರುಗಿಸಲು ಎತ್ತುಗಳನ್ನು ಕಟ್ಟುತ್ತಿದ್ದರಂತೆ. ಹಂಚಿನ ಕೆಲಸ ಹೊರಗಿನಿಂದ ನೋಡುವವರಿಗೆ ಒರಟೆಂದು ತೋರುತ್ತದೆ. ಆದರೆ ಮಣ್ಣಿನ ಹದ ತಪ್ಪಿದರೆ ಹಂಚು ಬಿರಿಯುತ್ತದೆ. ಒಣಗುವಾಗ ಅವಸರ ಮಾಡಿದರೆ ಸೊಟ್ಟಗಾಗುತ್ತದೆ. ಭಟ್ಟಿಯ ಕಾವು ಏರುಪೇರಾದರೆ ಒಂದು ಸುಡುವಿಕೆಯ ಹಂಚುಗಳೆಲ್ಲ ಹಾಳಾಗುತ್ತವೆ. ಬೆಂಕಿಯ ಬಣ್ಣವನ್ನು ನೋಡಿಯೇ ಕಾವನ್ನು ಅಳೆಯಬಲ್ಲ ಭಟ್ಟಿಯ ಕೆಲಸಗಾರನು ಒಂದೆರಡು ವರ್ಷಗಳಲ್ಲಿ ಸಿದ್ಧನಾಗುವವನಲ್ಲ.

ಅಂಥವನನ್ನು ಉಳಿಸಿಕೊಳ್ಳಲು ಸಂಸ್ಥೆಯು ಕೇವಲ ಕೂಲಿಯನ್ನು ನೆಚ್ಚಲಿಲ್ಲ. ಕೆಲಸಗಾರರಿಗೆ ವಸತಿ, ಮಕ್ಕಳಿಗೆ ಶಾಲೆ, ಕಾಯಿಲೆ ಬಿದ್ದಾಗ ನೆರವು ಮುಂತಾದ ಏರ್ಪಾಡುಗಳು ಕಾರ್ಖಾನೆಯ ಸುತ್ತ ಬೆಳೆದವು. ಕಟ್ಟುನಿಟ್ಟೂ ಕಡಿಮೆಯಿರಲಿಲ್ಲ. ಅನ್ನ, ಮನೆ, ಗುಡಿ ಮೂರೂ ಒಬ್ಬನೇ ಒಡೆಯನ ಕೈಯಲ್ಲಿದ್ದಾಗ ಕೆಲಸಗಾರನ ಸ್ವಾತಂತ್ರ್ಯ ಎಷ್ಟು ಉಳಿದೀತೆಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಅದೇನೇ ಇರಲಿ, ಹಂಚಿನ ವಿದ್ಯೆ ಒಂದೇ ಕಾರ್ಖಾನೆಯ ಆವರಣದೊಳಗೆ ನಿಲ್ಲಲಿಲ್ಲ. 1868ರಲ್ಲಿಯೇ ಆಲ್ಬುಕರ್ಕ್ ಮನೆತನದವರ ಕಾರ್ಖಾನೆ ಮಂಗಳೂರಿನಲ್ಲಿ ತಲೆಯೆತ್ತಿತು. ಮುಂದೆ ನದಿಗಳ ದಡದುದ್ದಕ್ಕೂ ಸ್ಥಳೀಯರ ಕಾರ್ಖಾನೆಗಳು ಹಬ್ಬಿದವು. ಪಳಗಿದ ಕೆಲಸಗಾರರು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗುವುದು ಇಂಥಲ್ಲಿ ಸಹಜ. ಕಲಿಸಿದ ಒಡೆಯನಿಗೆ ಅದು ನೋವಿನ ಸಂಗತಿಯೇ. ಆದರೆ ಹಾಗೆ ವಿದ್ಯೆ ಹರಡಿದುದರಿಂದಲೇ ‘ಮಂಗಳೂರು ಹಂಚು’ ಎಂಬುದು ಒಂದು ಸಂಸ್ಥೆಯ ಸರಕಾಗಿ ಉಳಿಯದೆ ಒಂದು ನಾಡಿನ ಸರಕಾಯಿತು. ಕರಾವಳಿಯ ಹಳ್ಳಿಗಳ ಮಾಡುಗಳ ಮೇಲೆ ಹುಲ್ಲು, ಮಡಲುಗಳಿದ್ದ ಕಡೆ ಕೆಂಪು ಹಂಚು ಬಂದಿತು. ಕಾಲಾನಂತರದಲ್ಲಿ ಕಾಂಕ್ರೀಟಿನ ಚಾವಣಿ ಬಂದು ಹಂಚಿನ ಬೇಡಿಕೆಯನ್ನು ತಗ್ಗಿಸಿತು. ಒಂದೊಂದಾಗಿ ಅನೇಕ ಭಟ್ಟಿಗಳು ಆರಿದವು.

ಬಾಸೆಲ್ಲಿನವರ ಪ್ರಯೋಗಕ್ಕೂ ಅದರಿಂದ ಸುಮಾರು ತೊಂಬತ್ತು ವರ್ಷಗಳ ತರುವಾಯ ಬೆಂಗಳೂರಿನಲ್ಲಿ ನಡೆದ ಇನ್ನೊಂದು ಪ್ರಯೋಗಕ್ಕೂ ಒಂದು ಸಾಮ್ಯವಿದೆ. ಎರಡರ ಹಿಂದೆಯೂ ಇದ್ದುದು ಸ್ವಿಟ್ಜರ್ಲೆಂಡು ಮತ್ತು ಜರ್ಮನಿಯ ದುಡಿಮೆಯ ಸಂಪ್ರದಾಯ. ಆ ದೇಶಗಳಲ್ಲಿ ಯಂತ್ರದ ಕೆಲಸವನ್ನು ಕಲಿಯುವ ಹುಡುಗನು ವಾರದ ಕೆಲವು ದಿನ ಕಾರ್ಖಾನೆಯಲ್ಲಿ ಹಿರಿಯ ಕೆಲಸಗಾರನ ಕೈಕೆಳಗೆ ದುಡಿದು, ಉಳಿದ ದಿನ ಶಾಲೆಯಲ್ಲಿ ಅದರ ಗಣಿತವನ್ನೂ ವಿಜ್ಞಾನವನ್ನೂ ಓದುತ್ತಾನೆ. ಕಲಿಸುವ ಹೊಣೆ ಒಬ್ಬಿಬ್ಬರದಲ್ಲ; ಉದ್ಯಮಗಳು ಒಟ್ಟಾಗಿ ಆ ಹೊಣೆಯನ್ನು ಹೊರುತ್ತವೆ. ಹೀಗಿರುವುದರಿಂದ ಇಂದು ಒಬ್ಬರು ಕಲಿಸಿದ ಹುಡುಗ ನಾಳೆ ಇನ್ನೊಬ್ಬರಲ್ಲಿಗೆ ಹೋದರೂ ಯಾರೂ ಮೋಸಹೋದಂತೆ ಆಗುವುದಿಲ್ಲ.

1953ರಲ್ಲಿ ಭಾರತ ಸರಕಾರವು ಜ್ಯೂರಿಕ್ಕಿನ ಓರ್ಲಿಕಾನ್ ಸಂಸ್ಥೆಯ ಸಹಕಾರದಿಂದ ಬೆಂಗಳೂರಿನ ಜಾಲಹಳ್ಳಿಯಲ್ಲಿ ಎಚ್.ಎಂ.ಟಿ. ಕಾರ್ಖಾನೆಯನ್ನು ಸ್ಥಾಪಿಸಿತು. ಯಂತ್ರಗಳನ್ನು ತಯಾರಿಸುವ ಯಂತ್ರಗಳೇ ಅಲ್ಲಿ ತಯಾರಾಗಬೇಕಾಗಿದ್ದವು. ಅದಕ್ಕೆ ಬೇಕಾದಷ್ಟು ನುರಿತ ಕೆಲಸಗಾರರು ದೇಶದಲ್ಲಿರಲಿಲ್ಲ. ಇಲ್ಲದವರನ್ನು ಹುಡುಕುತ್ತ ಕೂರುವ ಬದಲು ಕಾರ್ಖಾನೆಯು ತನ್ನದೇ ತರಬೇತಿ ಕೇಂದ್ರವನ್ನು ತೆರೆದು ಶಾಲೆ ಮುಗಿಸಿದ ಹುಡುಗರನ್ನು ಆಯ್ದುಕೊಂಡಿತು. ಫಿಟ್ಟರ್ ಕೆಲಸವನ್ನು ಕಲಿಯಲು ಬಂದವನ ಕೈಗೆ ಮೊದಲು ಬರುವುದು ಅರ ಮತ್ತು ಕಬ್ಬಿಣದ ತುಂಡು. ಆ ತುಂಡಿನ ಮೈಯನ್ನು ಕನ್ನಡಿಯಂತೆ ಸಮವಾಗುವವರೆಗೆ ಉಜ್ಜುವುದೇ ಅವನ ಪಾಠ. ಅಂಗೈ ಬೊಬ್ಬೆಯೆದ್ದು ಬೇಸರಗೊಳ್ಳುವ ಹುಡುಗನಿಗೆ ಇದರ ಅರ್ಥ ಆ ಕ್ಷಣದಲ್ಲಿ ತಿಳಿಯುವುದಿಲ್ಲ. ಕೂದಲೆಳೆಗಿಂತ ಸಣ್ಣ ಅಂತರವನ್ನು ಬೆರಳ ತುದಿಯಿಂದ ಗುರುತಿಸುವ ಶಕ್ತಿ ಬಂದ ದಿನ ತಾನಾಗಿ ತಿಳಿಯುತ್ತದೆ. ಕುಮಟೆಯ ಹುಡುಗ ಉಳಿಯನ್ನು ಮಸೆಯುತ್ತ ಕಲಿತದ್ದನ್ನೇ ಜಾಲಹಳ್ಳಿಯ ಹುಡುಗ ಅರವನ್ನು ಉಜ್ಜುತ್ತ ಕಲಿತನು. ಅಲ್ಲಿ ಬಾಗಿಲು ಕುಲಕ್ಕೆ ಮಾತ್ರ ತೆರೆದಿತ್ತು. ಇಲ್ಲಿ ಪರೀಕ್ಷೆಯಲ್ಲಿ ಗೆದ್ದ ಯಾವ ಊರಿನವನಿಗಾದರೂ ತೆರೆದಿತ್ತು.

ಕಾರ್ಖಾನೆಯ ಸುತ್ತ ವಸತಿಗೃಹಗಳು, ಶಾಲೆ, ಆಸ್ಪತ್ರೆ ಎಲ್ಲವೂ ಎದ್ದುನಿಂತವು. ಜಪಾನಿನ ಸಿಟಿಜನ್ ಸಂಸ್ಥೆಯೊಡನೆ 1961ರಲ್ಲಿ ಕೈಗಡಿಯಾರದ ಕಾರ್ಖಾನೆಯೂ ಸೇರಿಕೊಂಡಿತು. ಗಡಿಯಾರದ ಸೂಕ್ಷ್ಮ ಭಾಗಗಳ ಜೋಡಣೆಯಲ್ಲಿ ಹೆಣ್ಣುಮಕ್ಕಳು ಹೆಚ್ಚಿನ ಸಂಖ್ಯೆಯಲ್ಲಿ ನೇಮಕಗೊಂಡರು. ಮನೆಯಲ್ಲಿ ಎಚ್.ಎಂ.ಟಿ. ಕೆಲಸದವನಿದ್ದಾನೆಂದರೆ ಹೆಣ್ಣು ಕೊಡಲು ಮುಂದಾಗುತ್ತಿದ್ದ ಕಾಲವೊಂದಿತ್ತು. ಈ ಗೌರವವೂ ಸಂಬಳದ ಒಂದು ಭಾಗವೇ.

ಇಷ್ಟಿದ್ದರೂ ಕೆಲವರು ಹೊರಟರು. ಎಪ್ಪತ್ತರ ದಶಕದಿಂದ ಬೆಳೆಯತೊಡಗಿದ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಅನೇಕ ಸಣ್ಣ ಘಟಕಗಳನ್ನು ಕಟ್ಟಿದವರೂ ನಡೆಸಿದವರೂ ದೊಡ್ಡ ಕಾರ್ಖಾನೆಗಳಲ್ಲಿ ಪಳಗಿದವರು. ಗಡಿಯಾಚೆಯ ಹೊಸೂರಿನಲ್ಲಿ ಎಂಬತ್ತರ ದಶಕದಲ್ಲಿ ಟೈಟನ್ ಗಡಿಯಾರದ ಕಾರ್ಖಾನೆ ಆರಂಭವಾದಾಗ ಎಚ್.ಎಂ.ಟಿ.ಯ ಅನುಭವಸ್ಥರು ಅಲ್ಲಿಗೂ ಹೋದರು. ಅವರ ಅನುಭವವನ್ನು ಬಳಸಿಕೊಂಡ ಆ ಸಂಸ್ಥೆಯು ಶಾಲೆಯಿಂದ ಆಗಷ್ಟೇ ಹೊರಬಂದ ಹಳ್ಳಿಯ ಮಕ್ಕಳನ್ನು ಆರಿಸಿ ತಾನೂ ಹೊಸದಾಗಿ ಕಲಿಸಿತು. ಕಾಲ ಬದಲಾಗಿ ಎಚ್.ಎಂ.ಟಿ. ಗಡಿಯಾರಗಳ ಬೇಡಿಕೆ ಕುಸಿಯಿತು. 2016ರಲ್ಲಿ ಆ ಗಡಿಯಾರ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರಕಾರವು ತೀರ್ಮಾನಿಸಿತು. ಕೈಗಳಲ್ಲಿ ಕೌಶಲವಿದ್ದೂ ಕಾರ್ಖಾನೆ ಉಳಿಯಲಿಲ್ಲ. ಮಾರುಕಟ್ಟೆಗೆ ಬೇಕಾದ ವಸ್ತುವನ್ನು ಆಯ್ಕೆಮಾಡುವ ಹೊಣೆ ಉಜ್ಜುವವನದಲ್ಲ, ಉಜ್ಜಿಸುವವನದು.

ಕಲಿಸುವ ಹೊಣೆಯನ್ನು ಹಂಚಿಕೊಳ್ಳುವ ಪ್ರಯತ್ನಗಳು ಭಾರತದಲ್ಲಿಯೂ ನಡೆದಿವೆ. 1950ರಲ್ಲಿ ಕೈಗಾರಿಕಾ ತರಬೇತಿ ಸಂಸ್ಥೆಗಳ ಯೋಜನೆ ಆರಂಭವಾಯಿತು. 1961ರ ಅಪ್ರೆಂಟಿಸ್ ಕಾಯಿದೆಯು ಕಾರ್ಖಾನೆಗಳು ಇಂತಿಷ್ಟು ಅಭ್ಯರ್ಥಿಗಳನ್ನು ಸೇರಿಸಿಕೊಂಡು, ಭತ್ಯೆ ಕೊಟ್ಟು ಕಲಿಸಬೇಕೆಂದು ವಿಧಿಸಿತು. 2014ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. 2016ರಿಂದ ಭತ್ಯೆಯ ಒಂದು ಭಾಗವನ್ನು ಸರಕಾರವೇ ಭರಿಸುವ ಏರ್ಪಾಡು ಬಂದಿತು. ಸ್ವಿಸ್ ನೆರವಿನಿಂದ 1959ರಲ್ಲಿ ತಲಶ್ಶೇರಿಯ ನೆಟ್ಟೂರಿನಲ್ಲಿ ಹುಟ್ಟಿದ ತಾಂತ್ರಿಕ ತರಬೇತಿ ಕೇಂದ್ರವು ಧಾರವಾಡ, ಬೆಂಗಳೂರುಗಳಿಗೂ ಹಬ್ಬಿ ಅಚ್ಚು ಮತ್ತು ಉಪಕರಣಗಳ ತಯಾರಕರನ್ನು ಸಿದ್ಧಗೊಳಿಸಿತು. 2022ರಲ್ಲಿ ಕರ್ನಾಟಕದ 150 ಸರಕಾರಿ ಕೈಗಾರಿಕಾ ತರಬೇತಿ ಸಂಸ್ಥೆಗಳು ಹೊಸ ಯಂತ್ರಗಳೊಂದಿಗೆ ಮೇಲ್ದರ್ಜೆಗೇರಿದವು. ಯಂತ್ರ ಬಂದ ಕಡೆ ಕಲಿಸುವ ಕೈಯೂ ಬರಬೇಕಷ್ಟೆ. ಕಾಯಿದೆಗಳಿದ್ದರೂ ಕೆಲವು ಒಡೆಯರಲ್ಲಿ ಹಳೆಯ ಭಯವೊಂದು ಉಳಿದಿದೆ: ‘ನಾವು ಕಲಿಸಿದರೆ ಪಕ್ಕದವರು ಕರೆದೊಯ್ಯುತ್ತಾರೆ.’ ಎಲ್ಲರೂ ಹೀಗೆಂದು ಕಲಿಸುವುದನ್ನು ಬಿಟ್ಟರೆ ಕರೆದೊಯ್ಯುವುದಕ್ಕೂ ಯಾರೂ ಇರುವುದಿಲ್ಲ. ಕಲಿಸದೆ ‘ಅನುಭವಸ್ಥರು ಬೇಕು’ ಎಂದು ಜಾಹೀರಾತು ಕೊಡುವುದು, ಬಿತ್ತದೆ ಕೊಯ್ಲಿಗೆ ಆಳುಗಳನ್ನು ಕರೆದಂತೆ.

ಕುಮಟೆಯ ಕಸುಬಿಗೂ ಕುಲದ ಗೋಡೆಯ ಹೊರಗೆ ಬಾಗಿಲೊಂದು ತೆರೆದಿದೆ. ಕಾರ್ಕಳದಲ್ಲಿ ಕೆನರಾ ಬ್ಯಾಂಕಿನ ಆಶ್ರಯದಲ್ಲಿ ನಡೆಯುವ ಸಿ.ಇ. ಕಾಮತ್ ಕುಶಲಕರ್ಮಿಗಳ ಸಂಸ್ಥೆಯಲ್ಲಿ ಕಲ್ಲು, ಮರ, ಲೋಹಗಳ ಶಿಲ್ಪವನ್ನು ತರುಣರಿಗೆ ಕಲಿಸಲಾಗುತ್ತದೆ. ಗುಡಿಗಾರರ ಮನೆಗಳಲ್ಲಿಯೂ ವಿದ್ಯೆ ಪೂರ್ತಿಯಾಗಿ ಆರಿಲ್ಲ. ಗಂಧದ ಕೆಲಸವಿಲ್ಲದ ದಿನಗಳಲ್ಲಿ ಬೆಂಡಿನ ಬಾಸಿಂಗಗಳನ್ನೂ ಯಕ್ಷಗಾನದ ಕಿರೀಟ, ಭುಜಕೀರ್ತಿಗಳನ್ನೂ ಮಾಡುವುದು ಅವರಿಗೆ ಹಿಂದಿನಿಂದಲೂ ಬಂದ ಕೆಲಸ. ಗಣೇಶ ಚೌತಿಗೆ ಒಂದೆರಡು ತಿಂಗಳ ಮೊದಲು, ಆಷಾಢದ ಮಳೆ ಮಾಡಿನ ಮೇಲೆ ಸುರಿಯುತ್ತಿರುವಾಗ, ಅವರ ಜಗಲಿಗಳಲ್ಲಿ ಜೇಡಿಮಣ್ಣಿನ ರಾಶಿ ಬೀಳುತ್ತದೆ. ಬೇರೆ ಊರುಗಳಲ್ಲಿ ಬೇರೆ ಉದ್ಯೋಗದಲ್ಲಿರುವವರೂ ಕೆಲವರು ರಜೆ ಹಾಕಿ ಬಂದು ಮಣ್ಣಿಗೆ ಕೈ ಹಚ್ಚುತ್ತಾರೆ. ಹಿರಿಯನು ಮೂರ್ತಿಯ ಕಣ್ಣನ್ನು ತಿದ್ದುತ್ತಿರುತ್ತಾನೆ. ಮೊಮ್ಮಗನಿಗೆ ಸಾಮಾನ್ಯವಾಗಿ ಸಿಗುವುದು ಇಲಿಯನ್ನು ಮಾಡುವ ಕೆಲಸ.